ನಮ್ಮ ಕನ್ನಡ ಕಪಾಟು ಎಣಿಕೆಗೆ ಸಿಕ್ಕಿದ್ದು

ಲೈಬ್ರರಿಯಲ್ಲಿ ನಗೋಕೆ ಏನಿರುತ್ತೆ, ಬಂದವರಿಗೆಲ್ಲ ಶ್ ಅನ್ನೋದೇ ತಾನೇ ಕೆಲಸ ಅಂತ ನನ್ನ ನಾದಿನಿ ಮೈಸೂರಿಂದ ಫೋನ್ ಮಾಡಿದಾಗಲೆಲ್ಲ ಕೇಳ್ತಾಳೆ. ಅವಳಿಗೇನು ಗೊತ್ತು. ಎಲ್ಲಿ ಎಣಿಸೋ ಜನ ಇರ್ತಾರೋ ಅಲ್ಲಿ ವಾರಕ್ಕೊಂದಾದರೂ ತಮಾಷೆ ಆಗದೇ ಇರಲ್ಲ.

ನಾನು ಕೆಲಸ ಮಾಡೋದು ಅಮೆರಿಕದಲ್ಲಿ, ಕ್ರಾಸ್‌ರೋಡ್ಸ್ ಅನ್ನೋ ಶಾಪಿಂಗ್ ಸೆಂಟರ್ ಹತ್ತಿರದ ಒಂದು ಸಣ್ಣ ಲೈಬ್ರರಿಯಲ್ಲಿ. ಪುಸ್ತಕ ಕೊಡೋದು, ತಗೊಳ್ಳೋದು, ವಾಪಸ್ ಕಪಾಟಿಗೆ ಜೋಡಿಸೋದು. ನಮ್ಮ ಮನೆಯಲ್ಲಿ ಉರ್ದು, ಆದರೆ ಓದಿದ್ದೆಲ್ಲ ಮೈಸೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ. ಹಾಗಾಗಿ ಈ ಊರಿಗೆ ಬಂದು ಕೆಲಸಕ್ಕೆ ಸೇರಿದ ದಿನದಿಂದ ಕನ್ನಡಕ್ಕೆ ಒಂದು ಕಪಾಟು ಕೊಡಿ, ಒಂದು ಕಪಾಟು ಕೊಡಿ ಅಂತ ಪ್ರಾಣ ತಿಂದು, ನಾಲ್ಕು ವರ್ಷಕ್ಕೆ ಎರಡು ಹಲಗೆ ಗಿಟ್ಟಿಸಿದೆ. ಅದನ್ನೇ ನಾವು ಕಪಾಟು ಅಂತ ಜಂಬದಿಂದ ಕರೀತೀವಿ. ಅದರಲ್ಲಿ ಅರ್ಧ ಲೈಬ್ರರಿಯವರು ಕೊಂಡ ಪುಸ್ತಕ, ಇನ್ನರ್ಧ ಮನೆ ಖಾಲಿ ಮಾಡೋವಾಗ ಜನ ತಂದು ಕೊಟ್ಟಿದ್ದು.

ನಮ್ಮ ಮ್ಯಾನೇಜರ್ ಅಮೆರಿಕದ ಹೆಂಗಸು. ಬಲು ಒಳ್ಳೆಯವಳು, ನನ್ನ ಉಪವಾಸದ ತಿಂಗಳಲ್ಲಿ ಎದುರಿಗೆ ಕಾಫಿ ಕೂಡ ಕುಡಿಯಲ್ಲ. ಆದರೆ ಕಣ್ಣಾರೆ ಕಂಡಿದ್ದನ್ನ ನಂಬಲ್ಲ, ಕಂಪ್ಯೂಟರ್‌ನಲ್ಲಿ ಕಂಡಿದ್ದನ್ನ ಮಾತ್ರ ನಂಬ್ತಾಳೆ. ಈ ಸಲ ಮಳೆ ಹಿಡಿಯೋ ಹೊತ್ತಿಗೆ ನನ್ನನ್ನ ಕರೆದು ಒಂದು ಪಟ್ಟಿ ತೋರಿಸಿದಳು. ಯಾರೂ ಮುಟ್ಟದ ಪುಸ್ತಕಗಳೆಲ್ಲ ಅದರಲ್ಲಿ ಕೆಂಪು. ಕನ್ನಡದ ಎರಡೂ ಹಲಗೆ ತುದಿಯಿಂದ ತುದಿಗೆ ಕೆಂಪು. ಇನ್ನು ಮೂರು ತಿಂಗಳು ನೋಡ್ತೀನಿ, ಓಡಾಟ ಕಾಣಿಸದಿದ್ದರೆ ಇವನ್ನೆಲ್ಲ ಟಕ್ವಿಲಾ ಅನ್ನೋ ಊರಿನ ಗೋಡೌನಿಗೆ ಕಳಿಸಿ ಆ ಜಾಗದಲ್ಲಿ ಚಿತ್ರದ ಚೂರು ಜೋಡಿಸೋ ಜಿಗ್ಸಾ ಆಟದ ಡಬ್ಬಗಳನ್ನ ಇಡ್ತೀವಿ ಅಂದಳು. ಬೇಜಾರು ಮಾಡ್ಕೋಬೇಡ, ಇದು ನನ್ನ ಅಭಿಪ್ರಾಯ ಅಲ್ಲ, ಡೇಟಾ ಹೇಳ್ತಿರೋದು ಅಂತ ಸೇರಿಸಿದಳು. ನನಗೆ ಹೊಟ್ಟೆ ಉರಿದುಹೋಯ್ತು. ಯಾಕಂದರೆ ಈ ಡೇಟಾ ಎಂಥದ್ದು ಅಂತ ನನಗೆ ಮೊದಲೇ ಗೊತ್ತಿತ್ತು.

ಮಂಗಳವಾರದ ಜನಜಂಗುಳಿ

ನಮ್ಮ ಓದೋ ಕೋಣೆಯ ಬಾಗಿಲಿಗೆ ಒಂದು ಸಣ್ಣ ಯಂತ್ರ ಇದೆ. ಯಾರು ಒಳಗೆ ಹೋದರೂ ಒಂದು ಅಂತ ಎಣಿಸುತ್ತೆ. ಒಂದು ಚಳಿಗಾಲ ಆ ಯಂತ್ರದ ಪ್ರಕಾರ ಮಂಗಳವಾರ ಬೆಳಿಗ್ಗೆ ನಮ್ಮಲ್ಲಿ ಜನ ಕಿಕ್ಕಿರಿದು ತುಂಬ್ತಿದ್ದರು. ನಾನೋ ಅದೇ ಹೊತ್ತಿಗೆ ಕೌಂಟರಿನಲ್ಲಿ ಆಕಳಿಸ್ಕೊಂಡು ಕೂತಿರ್ತಿದ್ದೆ.

ವಿಷಯ ಇಷ್ಟೇ. ಬ್ಯಾಂಕಿನಲ್ಲಿದ್ದು ರಿಟೈರ್ ಆದ ಬೆಂಗಳೂರಿನ ಅಂಕಲ್ ಒಬ್ಬರು ಮಗಳ ಮನೆಯಲ್ಲಿದ್ದಾರೆ. ಮಂಗಳವಾರ ಮಗಳು ಆಫೀಸಿಗೆ ಹೋಗ್ತಾ ಇವರನ್ನ ನಮ್ಮಲ್ಲಿ ಇಳಿಸಿ ಹೋಗ್ತಾಳೆ. ಶುಗರ್ ಇದೆ, ಡಾಕ್ಟರ್ ದಿನಾ ಹತ್ತು ಸಾವಿರ ಹೆಜ್ಜೆ ನಡೀಲೇಬೇಕು ಅಂದಿದ್ದಾರೆ. ಹೊರಗೆ ನೋಡಿದರೆ ಜಿಟಿಜಿಟಿ ಮಳೆ. ಅದಕ್ಕೇ ಮುಂಬಾಗಿಲಿಂದ ಓದೋ ಕೋಣೆಯ ಕಿಟಕಿವರೆಗೆ, ಅಲ್ಲಿಂದ ವಾಪಸ್ ಮುಂಬಾಗಿಲಿಗೆ, ಕೈ ಹಿಂದೆ ಕಟ್ಟಿಕೊಂಡು ನಡೆದರೆ ಊಟದ ಹೊತ್ತಿನವರೆಗೂ ನಡೀತಾನೇ ಇರ್ತಾರೆ. ಒಂದೊಂದು ಸುತ್ತಿಗೂ ಯಂತ್ರ ಒಬ್ಬೊಬ್ಬ ಹೊಸ ಮನುಷ್ಯನನ್ನ ಲೆಕ್ಕ ಹಾಕುತ್ತೆ.

ಇದನ್ನ ಮ್ಯಾನೇಜರಿಗೆ ಹೇಳಿದೆ. ಅವರೂ ನಮ್ಮ ಓದುಗರೇ ಅಲ್ವಾ ಅಂದಳು. ಮುಂದಿನ ತಿಂಗಳಿಂದ ಮಂಗಳವಾರ ಬೆಳಿಗ್ಗೆ ಜನಸಂದಣಿ ನಿಭಾಯಿಸೋಕೆ ಅಂತ ನನ್ನ ಜೊತೆ ಇನ್ನೊಬ್ಬಳನ್ನ ಹಾಕಿದರು. ಇಬ್ಬರೂ ಕೌಂಟರಿನಲ್ಲಿ ಕೂತು ಅಂಕಲ್ ಹೋಗೋದು ಬರೋದು ನೋಡ್ತಿದ್ವಿ. ಒಂದಿನ ಅವರೇ ನಿಂತು ಮೆಲ್ಲಗೆ ಕೇಳಿದರು:

"ಅಲ್ಲಮ್ಮಾ, ಮಂಗಳವಾರ ಯಾಕೆ ಇಬ್ಬರಿರ್ತೀರಿ? ಒಂದು ನರಪಿಳ್ಳೇನೂ ಇರಲ್ವಲ್ಲ."

ಕಸದ ಲಾರಿ

ಮೂರು ವರ್ಷದ ಹುಡುಗಿಯೊಬ್ಬಳಿಗೆ ಕಸದ ಲಾರಿ ಅಂದರೆ ಪ್ರಾಣ. ಅಮ್ಮ ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಸದ ಲಾರಿಯ ಚಿತ್ರದ ಪುಸ್ತಕವನ್ನ ಅವಳಪ್ಪ ತಗೊಂಡು ಹೋಗ್ತಿದ್ದ, ತಂದು ಕೊಡ್ತಿದ್ದ, ಕೊಟ್ಟ ಕೈಯಲ್ಲೇ ಮತ್ತೆ ತಗೊಂಡು ಹೋಗ್ತಿದ್ದ. ವರ್ಷವಿಡೀ ಇದೇ ಆಯ್ತು.

ಹೆಡ್ ಆಫೀಸಿನ ಕಂಪ್ಯೂಟರ್‌ಗೆ ಒಂದು ನಿಯಮ ಇದೆ. ಯಾವ ಪುಸ್ತಕ ಹೆಚ್ಚು ಸಲ ಹೊರಗೆ ಹೋಗುತ್ತೋ ಅದರ ಪ್ರತಿಗಳನ್ನ ಇನ್ನಷ್ಟು ಕೊಳ್ಳೋದು. ಈ ನಿಯಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಅಂತೂ ಒಂದು ಬೆಳಿಗ್ಗೆ ಡಬ್ಬ ಒಡೆದು ನೋಡ್ತೀನಿ, ಹನ್ನೆರಡು ಕಸದ ಲಾರಿ. ನಾನು ಖುಷಿಯಿಂದ ಆ ಹುಡುಗಿಯನ್ನ ಕರೆದು ಹನ್ನೆರಡನ್ನೂ ಸಾಲಾಗಿ ಜೋಡಿಸಿ ತೋರಿಸಿದೆ.

ಆ ಹೊತ್ತಿಗೆ ಅವಳಿಗೆ ನಾಲ್ಕು ತುಂಬಿತ್ತು. ತಿಮಿಂಗಿಲದ ಪುಸ್ತಕ ಎದೆಗೆ ಅವುಚಿಕೊಂಡು ನನ್ನನ್ನ ಮೇಲಿಂದ ಕೆಳಗೆ ನೋಡಿದಳು. "ದಟ್ಸ್ ಫಾರ್ ಬೇಬೀಸ್, ಆಂಟಿ."

ಕರ್ಚೀಫು

ಬುಧವಾರ ನಮ್ಮ ಕನ್ನಡದ ಹಿರಿಯರ ದಿನ. ಹತ್ತು ಹನ್ನೆರಡು ಜನ ಸೇರ್ತಾರೆ. ಅವರಿಗೆಲ್ಲ ಮುಖ್ಯಸ್ಥೆ ಮೈಸೂರಿನಲ್ಲಿ ಹೆಡ್‌ಮಿಸ್ಸಾಗಿ ರಿಟೈರ್ ಆದವರು. ಈಗ ಇಲ್ಲಿ ಮಗಳು ಅಳಿಯನ ಜೊತೆ ಇದ್ದಾರೆ. ಕಾಟನ್ ಸೀರೆ, ಮೇಲೆ ಅಳಿಯನ ಕಂಪನಿಯ ಜಾಕೆಟ್ಟು, ಕಾಲಿಗೆ ಸಾಕ್ಸು. ಬ್ಯಾಂಕಿನ ಅಂಕಲ್ ಸೇರಿ ಎಲ್ಲರಿಗೂ ಅವರನ್ನ ಕಂಡರೆ ಹೆದರಿಕೆ. ನನಗೂ ಅಷ್ಟೇ. ಅವರು ಬಂದರೆ ಕುರ್ಚಿಯಿಂದ ತಾನಾಗೇ ಎದ್ದು ನಿಂತುಬಿಡ್ತೀನಿ.

ಬೆಳಿಗ್ಗೆ ನಾವು ಬಾಗಿಲು ತೆಗೆಯೋ ಹೊತ್ತಿಗೇ ಹೆಡ್‌ಮಿಸ್ ಬರ್ತಾರೆ. ಬಂದವರೇ ಕಿಟಕಿ ಪಕ್ಕದ ಕುರ್ಚಿಗಳಿಗೆಲ್ಲ ಒಂದೊಂದು ಕರ್ಚೀಫ್ ಹಾಕ್ತಾರೆ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ಜನ ನಾವು, ಇದರಲ್ಲಿ ಆಶ್ಚರ್ಯ ಏನಿದೆ? ಉಳಿದವರು ಸಾವಕಾಶವಾಗಿ ಮಧ್ಯಾಹ್ನ ಊಟ ಮುಗಿಸಿ ಬರ್ತಾರೆ.

ಯಾವ ಹೊತ್ತಿಗೆ ಎಷ್ಟು ಕುರ್ಚಿ ತುಂಬಿದೆ ಅಂತ ಬರಕೊಳ್ಳೋಕೆ ಒಬ್ಬ ವಾಲಂಟಿಯರ್ ತಾತ ಗಂಟೆಗೊಂದು ಸಲ ಬರ್ತಾರೆ. ಕುರ್ಚಿ ಮೇಲೆ ಯಾರದ್ದಾದರೂ ಸಾಮಾನಿದ್ದರೆ ಅದು ತುಂಬಿದ ಕುರ್ಚಿ ಅಂತ ಅವರಿಗೆ ಹೇಳಿಕೊಟ್ಟಿದ್ದಾರೆ. ಪಾಪ, ಆ ತಾತ ಖಾಲಿ ಕೋಣೆಯಲ್ಲಿ ನಿಂತು ಕರ್ಚೀಫ್ ಎಣಿಸಿ ಕೋಣೆ ಭರ್ತಿ ಅಂತ ಬರೆದುಕೊಂಡು ಹೋಗ್ತಿದ್ದರು. ಎರಡು ತಿಂಗಳಿಗೆ ಲಾರಿಯಲ್ಲಿ ಹೊಸ ಕುರ್ಚಿ ಬಂದವು.

ಬುಧವಾರ ಹೆಡ್‌ಮಿಸ್ ಬಂದು ಸೊಂಟಕ್ಕೆ ಕೈ ಇಟ್ಟುಕೊಂಡು ಹೊಸ ಕುರ್ಚಿಗಳನ್ನ ಒಂದೊಂದಾಗಿ ನೋಡಿದರು. ಆಮೇಲೆ ಎಲ್ಲರಿಗೂ ಫೋನ್ ಮಾಡಿ ಹೇಳಿದರಂತೆ, ಇನ್ನು ಮೇಲೆ ಒಬ್ಬೊಬ್ಬರೂ ಮೊದಲೇ ತಮ್ಮ ಕೈಗೆ ಎರಡೆರಡು ಕರ್ಚೀಫ್ ಕೊಟ್ಟಿರಬೇಕು ಅಂತ.

ಒಳ್ಳೇ ನಡತೆಯ ಫಲ

ಇಷ್ಟು ಜನ ಬಂದು ಇಷ್ಟು ಹೊತ್ತು ಕೂತು ಓದ್ತಾರೆ, ಕಪಾಟು ಮಾತ್ರ ಕೆಂಪು. ಹೇಗೆ ಅಂತ ಒಂದು ಬುಧವಾರ ಪೂರ್ತಿ ಕಣ್ಣಿಟ್ಟು ನೋಡಿದೆ. ನೋಡಿದ ಮೇಲೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು.

ನಮ್ಮಲ್ಲಿ ಓದಿದ ಪುಸ್ತಕ ಮೇಜಿನ ಮೇಲೇ ಬಿಟ್ಟು ಹೋಗಬೇಕು. ಅದನ್ನ ನಾವು ಸ್ಕ್ಯಾನ್ ಮಾಡಿ, ಇದನ್ನ ಇಲ್ಲೇ ಕೂತು ಯಾರೋ ಓದಿದ್ದಾರೆ ಅಂತ ಲೆಕ್ಕಕ್ಕೆ ಹಾಕಿ, ಆಮೇಲೆ ಕಪಾಟಿಗೆ ಇಡ್ತೀವಿ. ದಯವಿಟ್ಟು ಪುಸ್ತಕ ವಾಪಸ್ ಇಡಬೇಡಿ ಅಂತ ಬೋರ್ಡೂ ಇದೆ. ನಮ್ಮವರೋ, ಓದಿದ ಪುಸ್ತಕದ ಧೂಳು ಸೆರಗಿನಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ತೆಗೆದ ಜಾಗದಲ್ಲೇ ಬೆನ್ನಿಗೆ ಬೆನ್ನು ಸರಿಯಾಗಿ ಕೂರಿಸಿ, ಕುರ್ಚಿ ಒಳಗೆ ತಳ್ಳಿ, ನನಗೆ ಬರ್ತೀವಮ್ಮಾ ಅಂತ ಹೇಳಿ ಹೋಗ್ತಾರೆ. ಮೇಜಿನ ಮೇಲೆ ಒಂದು ಕಡಲೆಬೀಜದ ಸಿಪ್ಪೆ ಕೂಡ ಇರಲ್ಲ. ಕಂಪ್ಯೂಟರ್ ಪ್ರಕಾರ ಅಲ್ಲಿಗೆ ಯಾರೂ ಬಂದೇ ಇಲ್ಲ.

ಇನ್ನು ಮನೆಗೆ ತಗೊಂಡು ಹೋಗೋದಾದರೂ ನೆಟ್ಟಗಿತ್ತಾ ಅಂದರೆ ಅದೂ ಇಲ್ಲ. ಒಬ್ಬರು ಒಂದು ಕಾದಂಬರಿ ತಗೊಂಡರೆ ಅದು ಅಪಾರ್ಟ್‌ಮೆಂಟಿನ ಅಷ್ಟೂ ಮನೆ ಸುತ್ತಿ, ಆಚೆ ಊರು ರೆಂಟನ್‌ನಲ್ಲಿರೋ ಯಾರದೋ ಬೀಗರ ಮನೆವರೆಗೂ ಹೋಗಿ ವಾಪಸ್ ಬರ್ತಿತ್ತು. ಇಪ್ಪತ್ತು ಜನ ಓದಿದರೂ ಲೆಕ್ಕದಲ್ಲಿ ಒಂದೇ ಒಂದು.

ನನಗೆ ಸಿಟ್ಟು ನೆತ್ತಿಗೇರಿತು. ಹೆಡ್‌ಮಿಸ್ ಅನ್ನೋದೂ ಮರೆತು, ನಿಮ್ಮ ಒಳ್ಳೇತನದಿಂದಲೇ ಕಪಾಟು ಟಕ್ವಿಲಾಕ್ಕೆ ಹೋಗ್ತಿದೆ, ನಿಮಗೆ ಬೋರ್ಡ್ ಓದೋಕೆ ಬರಲ್ವಾ ಅಂತ ಅವರ ಮೇಲೆ ಹಾರಾಡಿದೆ. ಮೂರು ತಿಂಗಳಿನ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದ್ರೆ ನಾವು ಇಷ್ಟು ದಿನ ಓದಿದ್ದು ಓದೇ ಅಲ್ಲ ಅಂತಾನಾ?"

"ಲೆಕ್ಕದಲ್ಲಿ ಇಲ್ಲ ಮಿಸ್."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಮನೇಲಿ ಮಗಳು ಅಳಿಯ ಇಬ್ಬರೂ ಮೀಟಿಂಗಲ್ಲಿ ಇರ್ತಾರೆ. ಮೊಮ್ಮಕ್ಕಳು ನಾನು ಒಂದು ಕೇಳಿದ್ರೆ ಇಂಗ್ಲಿಷಲ್ಲಿ ಇನ್ನೊಂದು ಹೇಳ್ತವೆ. ಬುಧವಾರ ಒಂದಿನ ನಾನು ಬಾಯಿ ತುಂಬ ಮಾತಾಡೋದು. ಈ ಕಪಾಟು ಹೋದ್ರೆ ನಾವು ಇಲ್ಲಿಗೆ ಬಂದು ಆ ಜಿಗ್ಸಾ ಡಬ್ಬ ನೋಡ್ಕೊಂಡು ಕೂರಬೇಕಾ, ಹೇಳಮ್ಮ."

ಹಾರಾಡಿದ್ದಕ್ಕೆ ನನಗೆ ನಾಚಿಕೆ ಆಯ್ತು. ಏನಾದರೂ ಮಾಡಿ ಈ ಕಪಾಟು ಉಳಿಸಿಕೊಳ್ಳಲೇಬೇಕು ಅಂತ ಅವತ್ತು ನಾವಿಬ್ಬರೂ ಮಾತಾಡಿಕೊಂಡ್ವಿ.

ಮುಂದಿನ ಬುಧವಾರ ಹೆಡ್‌ಮಿಸ್ ಆಜ್ಞೆ ಆಯ್ತು. ಯಾರೂ ಪುಸ್ತಕ ವಾಪಸ್ ಇಡಬಾರದು. ಎಲ್ಲರೂ ಕಳ್ಳರಂತೆ ಮೇಜಿನ ಮೇಲೆ ಪುಸ್ತಕ ಬಿಟ್ಟು, ಹಿಂದೆ ಹಿಂದೆ ನೋಡಿಕೊಂಡು ಹೋದರು. ಓದಿದ ಪುಸ್ತಕ ಬಿಸಾಕಿ ಹೋದರೆ ಸರಸ್ವತಿ ಸುಮ್ಮನಿರ್ತಾಳಾ ಅಂತ ಒಬ್ಬ ಆಂಟಿ ಗೊಣಗಿದರು. ನನಗೂ ಅರ್ಥವಾಗುತ್ತೆ, ಕಿತಾಬು ನೆಲದ ಮೇಲಿಟ್ಟರೆ ನಮ್ಮ ಅಮ್ಮಿ ಕಿವಿ ಹಿಂಡ್ತಿದ್ದರು. ಆದರೆ ಇದು ಮೇಜು ತಾನೇ ಅಂತ ಸಮಾಧಾನ ಹೇಳಿ ಕಳಿಸಿದೆ. ಸ್ಕ್ಯಾನರ್ ತರೋಣ ಅಂತ ಒಳಗೆ ಹೋಗಿ ಬರೋಷ್ಟರಲ್ಲಿ ಮೇಜು ಪೂರ್ತಿ ಖಾಲಿ. ಅದೇ ಆಂಟಿ ಬಸ್ ಸ್ಟಾಪಿನಿಂದ ಮಳೆಯಲ್ಲಿ ವಾಪಸ್ ಓಡಿ ಬಂದು, ತಮ್ಮದರ ಜೊತೆಗೆ ಎಲ್ಲರ ಪುಸ್ತಕವನ್ನೂ ಜೋಡಿಸಿಟ್ಟು, ಈಗ ಜೀವಕ್ಕೆ ಸಮಾಧಾನ ಆಯ್ತು ನೋಡಮ್ಮಾ ಅಂದರು.

ಡೇಟಾ ಹೇಳಿದ್ದು

ಮೇಜಿನ ದಾರಿ ಆಗಲ್ಲ ಅಂತ ಗೊತ್ತಾದ ಮೇಲೆ ಹೆಡ್‌ಮಿಸ್ ಹಾಜರಿ ಪುಸ್ತಕ ತೆಗೆದರು. ಮನೆಗೆ ಒಂದು ಲೈಬ್ರರಿ ಕಾರ್ಡು. ಕಾರ್ಡಿದ್ದವರು ದಿನ ಬಿಟ್ಟು ದಿನ ಬಂದು, ಪುಸ್ತಕ ಕೊಟ್ಟು ತಗೊಳ್ಳೋ ಯಂತ್ರದ ಮುಂದೆ ತೋರಿಸಿ ಒಂದು ಪುಸ್ತಕ ತಗೊಂಡು ಹೋಗೋದು, ಮತ್ತೆ ಬಂದಾಗ ಹಾಕಿ ಇನ್ನೊಂದು ತಗೊಳ್ಳೋದು. ಬರದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರು. ಅರವತ್ತು ಎಪ್ಪತ್ತರ ಜನ, ಜ್ವರ ಬಂದರೆ ರಜಾ ಚೀಟಿ ಬರೆದು ಮಕ್ಕಳ ಕೈಯಲ್ಲಿ ಕಳಿಸ್ತಿದ್ದರು.

ಯಾವ ಪುಸ್ತಕ ತಗೋಬೇಕು ಅಂತ ಮಾತ್ರ ಹೆಡ್‌ಮಿಸ್ ಹೇಳಿರಲಿಲ್ಲ. ಎಲ್ಲರೂ ಮನೆಯಲ್ಲಿ ಒಂದು ದಪ್ಪ ಕಾದಂಬರಿ ಓದ್ತಾ ಇರ್ತಿದ್ದರು. ಲೆಕ್ಕಕ್ಕೆ ತಗೊಳ್ಳೋದು ಹಗುರ ಇದ್ದರೆ ಸಾಕು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ತರಕಾರಿ ಚೀಲ, ಬಸ್ಸು ಬೇರೆ ಹಿಡೀಬೇಕು. ನಮ್ಮ ಕಪಾಟಿನಲ್ಲಿ ಯಾರೋ ಪುಣ್ಯಾತ್ಮರು ಮನೆ ಖಾಲಿ ಮಾಡೋವಾಗ ಕೊಟ್ಟ ಒಂದು ತೆಳ್ಳನೆ ಪುಸ್ತಕ ಇತ್ತು. ಮೂಲವ್ಯಾಧಿಗೆ ಮನೆಮದ್ದು ಹೇಳೋ ಪುಸ್ತಕ. ಜೇಬಿನಲ್ಲಿ ಹಿಡಿಸುತ್ತೆ. ಎಲ್ಲರ ಕೈಯೂ ನೇರ ಅದಕ್ಕೇ, ಅದು ಸಿಗದಿದ್ದರೆ ಮಾತ್ರ ಬೇರೆ ಪುಸ್ತಕಕ್ಕೆ. ಬ್ಯಾಂಕಿನ ಅಂಕಲ್ ಅಂತೂ ಅದನ್ನ ಮನೆಗೂ ಒಯ್ಯಲಿಲ್ಲ. ನಡೆಯೋ ದಾರಿಯಲ್ಲೇ ಯಂತ್ರಕ್ಕೆ ತೋರಿಸಿ ತಗೊಳ್ಳೋರು, ಒಂದು ಸುತ್ತು ಹೊಡೆದು ವಾಪಸ್ ಹಾಕೋರು, ಮುಂದಿನ ಸುತ್ತಿಗೆ ಮತ್ತೆ ತಗೊಳ್ಳೋರು. ನಾನೂ ಕಡಿಮೆ ಇಲ್ಲ. ಹುಡುಕೋಕೆ ಕಷ್ಟ ಆಗದೇ ಇರಲಿ ಅಂತ ಅದನ್ನ ದಿನಾ ಎದುರಿಗೇ ಇಡ್ತಿದ್ದೆ.

ಮೂರು ತಿಂಗಳು ಮುಗೀತು. ಮ್ಯಾನೇಜರ್ ನನ್ನನ್ನ ಕರೆದಳು. ಪಟ್ಟಿಯಲ್ಲಿ ಕನ್ನಡದ ಎರಡೂ ಹಲಗೆ ಹಸಿರು. ನನಗೆ ಕುಣಿಯೋ ಹಾಗಾಯ್ತು. ಆದರೆ ಅವಳು ನಗ್ತಿರಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ನಮ್ಮ ಬ್ರಾಂಚಿನಲ್ಲಿ ಇಂಗ್ಲಿಷ್ ಸೇರಿ ಎಲ್ಲ ಭಾಷೆಯ ಪುಸ್ತಕಗಳಲ್ಲೂ ಹೆಚ್ಚು ಸಲ ಹೊರಗೆ ಹೋಗಿದ್ದು ಒಂದು ಕನ್ನಡ ಪುಸ್ತಕ, ಅದರ ಹೆಸರನ್ನ ಫೋನಿನಲ್ಲಿ ಅನುವಾದ ಮಾಡಿ ನೋಡಿದೆ ಅಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ಇದು ನಿಮ್ಮ ಜನರಲ್ಲಿ ಇಷ್ಟೊಂದಿದೆ ಅಂತ ನನಗೆ ಗೊತ್ತಿರಲಿಲ್ಲ, ಯಾಕೆ ಯಾರೂ ಬಾಯಿ ಬಿಡಲಿಲ್ಲ ಅಂತ ಕೇಳಿದಳು.

ಯಾ ಅಲ್ಲಾ. ನಿಜ ಹೇಳಿದರೆ ಮೂರು ತಿಂಗಳ ಲೆಕ್ಕವೇ ಸುಳ್ಳಾಗುತ್ತೆ, ಕಪಾಟು ಗೋಡೌನಿಗೆ. ಹೇಳದಿದ್ದರೆ ಇಡೀ ಕನ್ನಡ ಕುಲಕ್ಕೆ ಮೂಲವ್ಯಾಧಿ. ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ. ಹೆಡ್‌ಮಿಸ್ ಮುಖ ನೆನಪಾಯ್ತು. "ಚಳಿ ದೇಶ, ಕೂತು ಮಾಡೋ ಕೆಲಸ" ಅಂದುಬಿಟ್ಟೆ. ಅವಳು ಅದನ್ನೂ ಬರೆದುಕೊಂಡಳು.

ಕಸದ ಲಾರಿಯ ನಿಯಮ ನೆನಪಿದೆಯಲ್ಲ? ಆ ಪುಸ್ತಕದ ಹನ್ನೆರಡು ಪ್ರತಿ ಬೆಂಗಳೂರಿನಿಂದ ವಿಮಾನದಲ್ಲಿ ಬಂದವು. ಅಷ್ಟಕ್ಕೇ ನಿಲ್ಲಲಿಲ್ಲ. ಡೇಟಾ ಆಧಾರದ ಮೇಲೆ ಒಂದು ಕಾರ್ಯಕ್ರಮ ಅಂತ ಮಾಡಿ, ಡಾಕ್ಟರೊಬ್ಬರನ್ನ ಗೊತ್ತು ಮಾಡಿ, ಕನ್ನಡ ಬಾಂಧವರಿಗೆ ಮೂಲವ್ಯಾಧಿ ಮಾಹಿತಿ ಶಿಬಿರ, ಸಂಕೋಚ ಬೇಡ, ಬನ್ನಿ ಅಂತ ದಪ್ಪ ಕನ್ನಡ ಅಕ್ಷರದಲ್ಲಿ ಪೋಸ್ಟರ್ ಹಾಕಿದರು. ನಮ್ಮ ಬಾಗಿಲಿಗೆ ಒಂದು, ಶಾಪಿಂಗ್ ಸೆಂಟರಿಗೆ ಒಂದು, ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಮೇಲೆ ಒಂದು. ಅಲ್ಲಿನ ತೆಲುಗು, ತಮಿಳು ಜನ ಅದು ಏನು ಅಂತ ಕೇಳಿ ತಿಳಿದುಕೊಂಡು ನಮ್ಮವರನ್ನ ಕನಿಕರದಿಂದ ನೋಡೋಕೆ ಶುರು ಮಾಡಿದರು.

ಹೆಡ್‌ಮಿಸ್ ಕಣ್ಣಿಗೆ ಪೋಸ್ಟರ್ ಬಿದ್ದಿದ್ದು ಅಳಿಯನ ಜೊತೆ ತರಕಾರಿಗೆ ಹೋದಾಗ. ಮರುದಿನ ನನ್ನ ಮುಂದೆ ಬಂದು ನಿಂತರು. ಏನಮ್ಮಾ ಇದು, ಮಾನ ಮರ್ಯಾದೆ ಉಳೀತಾ ಅಂತ ಕೇಳಿದರು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಶಿಬಿರಕ್ಕೆ ಬಂದವರನ್ನೂ ಎಣಿಸ್ತಾರೆ ಮಿಸ್, ಯಾರೂ ಬರದಿದ್ದರೆ ಮತ್ತೆ ಕೆಂಪು ಅಂದೆ. ಅವರು ಜಾಕೆಟ್ಟಿನ ಜಿಪ್ಪು ಮೇಲೆ ಕೆಳಗೆ ಎಳೀತಾ ಯೋಚನೆ ಮಾಡಿದರು. ಕೊನೆಗೆ ಹಾಜರಿ ಪುಸ್ತಕ ತೆಗೆದು ಶಿಬಿರದ ದಿನಕ್ಕೆ ಒಂದು ಹೊಸ ಗೆರೆ ಎಳೆದರು.

ಅವತ್ತು ಕೋಣೆ ಭರ್ತಿ. ಕರ್ಚೀಫ್ ಅಲ್ಲ, ನಿಜವಾದ ಜನ. ರೇಷ್ಮೆ ಸೀರೆ ಉಟ್ಟವರೂ ಇದ್ದರು. ಡಾಕ್ಟರ್ ಪರದೆ ಮೇಲೆ ಬಣ್ಣದ ಚಿತ್ರ ತೋರಿಸಿದರು. ಒಬ್ಬರೂ ಪಕ್ಕದವರ ಮುಖ ನೋಡಲಿಲ್ಲ. ಬ್ಯಾಂಕಿನ ಅಂಕಲ್ ಇಡೀ ಒಂದು ಗಂಟೆ ನಡೆಯದೇ ಕೂತಿದ್ದು ಅವತ್ತೇ. ಪ್ರಶ್ನೆ ಇದೆಯಾ ಅಂತ ಡಾಕ್ಟರ್ ಕೇಳಿದಾಗ, ಮ್ಯಾನೇಜರ್ ಹಿಂದೆ ನಿಂತು ಎಣಿಸ್ತಿದ್ದಾಳೆ ಅಂತ ಗೊತ್ತಿದ್ದ ಹೆಡ್‌ಮಿಸ್ ಎದ್ದು, ಪರೋಪಕಾರಕ್ಕೆ ಕೇಳೋ ದನಿಯಲ್ಲಿ ಮೂರು ಪ್ರಶ್ನೆ ಕೇಳಿದರು. ಕೊನೆಗೆ ಅಭಿಪ್ರಾಯದ ಕಾಗದ ಕೊಟ್ಟಾಗ ನಮ್ಮವರು, ಕರೆದವರ ಮನಸ್ಸು ನೋಯಿಸಬಾರದು ಅಂತ, ಎಲ್ಲದಕ್ಕೂ ಅತ್ಯುತ್ತಮ ಅಂತ ಗುರುತು ಹಾಕಿ ಕೊಟ್ಟರು.

ಕಪಾಟು ಉಳೀತು. ಉಳಿದಿದ್ದಷ್ಟೇ ಅಲ್ಲ, ಮೂರನೇ ಹಲಗೆಯೂ ಸಿಕ್ಕಿತು. ಆದರೆ ಅಷ್ಟೊಂದು ಅತ್ಯುತ್ತಮ ಬಂದ ಮೇಲೆ ಡೇಟಾ ಸುಮ್ಮನಿರುತ್ತಾ? ಇನ್ನು ಮೇಲೆ ಶಿಬಿರ ಪ್ರತಿ ತಿಂಗಳೂ ಇರುತ್ತೆ ಅಂತ ಮ್ಯಾನೇಜರ್ ಸಂತೋಷದಿಂದ ಘೋಷಿಸಿದಳು.

ಈ ಸುದ್ದಿಯನ್ನ ಹೆಡ್‌ಮಿಸ್ಸಿಗೆ ಹೇಗೆ ಹೇಳೋದು ಅಂತ ಹೆದರಿಕೊಂಡೇ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಒಂದು ದಪ್ಪ ಕಾದಂಬರಿ ಬಗಲಲ್ಲಿ ಇಟ್ಟುಕೊಂಡು ಬಾಗಿಲವರೆಗೆ ಹೋದವರು ವಾಪಸ್ ಬಂದು, ಅಕ್ಕಪಕ್ಕ ನೋಡಿ, ನನ್ನ ಕಿವಿ ಹತ್ತಿರ ಬಗ್ಗಿದರು.

"ಮುಂದಿನ ತಿಂಗಳಿಗೆ ನನ್ನ ಪಕ್ಕ ಇನ್ನೊಂದು ಕರ್ಚೀಫ್ ಹಾಕಿರಮ್ಮ. ಅಳಿಯಂದಿರೂ ಬರ್ತಾರಂತೆ. ಅವರಿಗೆ ನಿಜವಾಗ್ಲೂ ಇದೆಯಂತೆ."